ಚಿರತೆ ಅಲ್ಲ, ಸಿವಂಗಿ

ಹೋದ ತಿಂಗಳು ನಮ್ಮ ಸಂಘದಿಂದ ಕಡಕೊಳದ ಒಂದು ಶಾಲೆಗೆ ‘ಕಣ್ಮರೆಯಾದ ಪ್ರಾಣಿಗಳು’ ಅಂತ ಫಲಕಗಳನ್ನು ಮಾಡಿಕೊಂಡು ಹೋಗಿದ್ದೆವು. ಇಂಟರ್ನಲ್ಸ್ ಮುಗಿದು ಎರಡೇ ದಿನ ಆಗಿತ್ತು, ಕೂತು ಚಿತ್ರ ಬರೆಯೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ಎಐಗೆ ಒಂದು ಸಾಲು ಟೈಪ್ ಮಾಡಿದೆವು, ಚಿತ್ರ ಬಂತು, ಫ್ಲೆಕ್ಸ್ ಅಂಗಡಿಗೆ ಕಳಿಸಿದೆವು. ಭಾರತದ ಚೀತಾದ ಫಲಕದ ಮುಂದೆ ಆರನೇ ಕ್ಲಾಸಿನ ಹುಡುಗನೊಬ್ಬ ನಿಂತು ಕೇಳಿದ: “ಅಣ್ಣಾ, ಇದು ಚಿರತೆ ಅಲ್ವಾ? ನಮ್ಮ ಕಬ್ಬಿನ ಗದ್ದೆ ಹತ್ರಾನೇ ಬರುತ್ತೆ. ಇದೆಲ್ಲಿ ಕಣ್ಮರೆಯಾಗಿದೆ?”

ಅವನು ಹೇಳಿದ್ದು ಸರಿಯಾಗಿತ್ತು. ಚಿತ್ರದ ಮೈಮೇಲೆ ಇದ್ದದ್ದು ಚಿರತೆಯ ಹೂವಿನಂಥ ಮಚ್ಚೆ. ಚೀತಾಕ್ಕೆ ಒತ್ತಾದ ಕಪ್ಪು ಚುಕ್ಕೆ, ಚಿಕ್ಕ ತಲೆ, ಉದ್ದ ಕಾಲು, ಕಣ್ಣಿನಿಂದ ಬಾಯಿವರೆಗೆ ಕಣ್ಣೀರು ಇಳಿದಂಥ ಕಪ್ಪು ಗೆರೆ. ನಮ್ಮದರಲ್ಲಿ ಆ ಗೆರೆಯೇ ಇರಲಿಲ್ಲ. ಮೈಸೂರಿನ ಸುತ್ತಮುತ್ತ ಚಿರತೆ ಓಡಾಡುವುದರಿಂದ ತಪ್ಪು ಸಿಕ್ಕಿಬಿತ್ತು. ಪಕ್ಕದ ಡೈನೋಸಾರ್ ಫಲಕಗಳಲ್ಲಿ ಇನ್ನೆಷ್ಟು ತಪ್ಪಿತ್ತೋ, ಅದನ್ನು ಹಿಡಿಯುವವರು ಯಾರೂ ಇರಲಿಲ್ಲ.

“ಮಕ್ಕಳಿಗೆ ತಾನೇ, ಅಂದಾಜು ಗೊತ್ತಾದ್ರೆ ಸಾಕು” ಎಂದು ನಮ್ಮಲ್ಲೇ ಕೆಲವರು ವಾದಿಸಿದರು. ನಾವು ಇದನ್ನು ಒಪ್ಪುವುದಿಲ್ಲ. ಆನೆಯ ಚಿತ್ರ ಕೆಟ್ಟದಾಗಿದ್ದರೆ ಮಗು ಮೃಗಾಲಯಕ್ಕೆ ಹೋಗಿ ತಿದ್ದಿಕೊಳ್ಳುತ್ತೆ. ಅಳಿದ ಪ್ರಾಣಿಗೆ ಚಿತ್ರವೇ ಪ್ರಾಣಿ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ 1854ರಲ್ಲಿ ಇಗ್ವಾನೊಡಾನ್ ಪ್ರತಿಮೆ ನಿಲ್ಲಿಸಿದಾಗ ಮೂಗಿನ ಮೇಲೊಂದು ಕೊಂಬು ಇಟ್ಟಿದ್ದರು. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಯಲ್ಲಿ ಇಡೀ ಅಸ್ಥಿಪಂಜರಗಳು ಸಿಕ್ಕ ಮೇಲೆ ಖಚಿತವಾಯಿತು, ಅದು ಕೊಂಬಲ್ಲ, ಹೆಬ್ಬೆರಳಿನ ಮುಳ್ಳು. ಆ ಪ್ರತಿಮೆ ಇವತ್ತಿಗೂ ಕೊಂಬಿನ ಸಮೇತ ಅಲ್ಲೇ ಇದೆ. ಅವರದು ಸಿಕ್ಕಷ್ಟು ಮೂಳೆ ಇಟ್ಟುಕೊಂಡು ಮಾಡಿದ ಊಹೆ, ಅದಕ್ಕೆ ಮರ್ಯಾದೆ ಇದೆ. ನಮ್ಮದು ಬರೀ ಸೋಮಾರಿತನ.

ಚೀತಾದ ವಿಷಯದಲ್ಲಂತೂ ಊಹೆಯೇ ಬೇಕಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬಳಿ ಬೇಟೆಗೆ ಪಳಗಿಸಿದ ಚೀತಾಗಳಿದ್ದವು. 1760ರ ದಶಕದಲ್ಲಿ ಮದ್ರಾಸಿನ ಗವರ್ನರ್ ಇಂಗ್ಲೆಂಡಿನ ದೊರೆಗೆ ಕಾಣಿಕೆಯಾಗಿ ಕೊಟ್ಟ ಚೀತಾವನ್ನು ಜಾರ್ಜ್ ಸ್ಟಬ್ಸ್ ಎಂಬ ಕಲಾವಿದ ಇಬ್ಬರು ಭಾರತೀಯ ಪಾಲಕರ ಜೊತೆಗೇ ಚಿತ್ರಿಸಿದ್ದಾನೆ. ಇನ್ನು ದೇಶದ ಕೊನೆಯ ಮೂರು ಚೀತಾಗಳನ್ನು ಈಗಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ಮಹಾರಾಜ ಕೊಂದನೆಂದು ಎಲ್ಲರೂ ಓದಿರುತ್ತೀರಿ. ಆ ಬೇಟೆಯ ವರದಿ 1948ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಅಚ್ಚಾಗಿದ್ದು ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಅವರ ಹೆಸರಿನಲ್ಲಿ, ಸತ್ತ ಹುಲಿ ಚಿರತೆಗಳನ್ನು ಜೀವ ಇದ್ದಂತೆಯೇ ನಿಲ್ಲಿಸುವುದರಲ್ಲಿ ಜಗತ್ತಿಗೇ ಹೆಸರಾಗಿದ್ದ ಅದೇ ವ್ಯಾನ್ ಇಂಗೆನ್. 1952ರಲ್ಲಿ ಚೀತಾ ದೇಶದಿಂದ ಅಳಿದಿದೆ ಎಂದು ಸರ್ಕಾರ ಘೋಷಿಸಿತು. ಇಷ್ಟೆಲ್ಲ ಕೈಗೆ ಸಿಗುವಂತಿದ್ದೂ ನಾವು ಹುಡುಕಲಿಲ್ಲ.

2022ರ ಸೆಪ್ಟೆಂಬರ್ 17ರಂದು ಕುನೋದಲ್ಲಿ ಬಿಟ್ಟ ಚೀತಾಗಳ ಫೋಟೋ ಹಾಕಿದರೆ ಮುಗೀತಲ್ಲ ಅನ್ನಬಹುದು. ಅವು ನಮೀಬಿಯಾದಿಂದ ಬಂದವು. ನಮ್ಮಲ್ಲಿದ್ದ ಏಷ್ಯಾದ ಚೀತಾ ಈಗ ಉಳಿದಿರೋದು ಇರಾನಿನಲ್ಲಿ ಮಾತ್ರ, ಅದೂ ಬೆರಳೆಣಿಕೆಯಷ್ಟು. ಫೋಟೋ ಹಾಕೋಣ, ಆದರೆ ಕೆಳಗೆ ‘ಇದು ಆಫ್ರಿಕಾದ ಚೀತಾ’ ಅಂತ ಬರೆಯೋಣ. ನಾವು ಕೇಳುತ್ತಿರುವುದು ಇಷ್ಟೇ. ಎಐ ಬೇಡ ಅಂತಲ್ಲ. ಯಾವ ಭಾಗ ಮೂಳೆ, ಚರ್ಮ, ಹಳೆಯ ಚಿತ್ರ ನೋಡಿ ಮಾಡಿದ್ದು, ಯಾವುದು ಊಹೆ ಅನ್ನೋದು ಚಿತ್ರದ ಮೇಲೇ ಇರಲಿ. ಡೈನೋಸಾರ್ ಬಣ್ಣ ಊಹೆಯಾದರೆ ‘ಬಣ್ಣ ನಮ್ಮದು’ ಅಂತ ಹಾಕೋಣ. ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ತೆಗೆಯದೆ ಗ್ರಾಫ್ ಎಳೆದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. (ಎಳೆದವರಿಗೆ ಇನ್ನೂ ಚೆನ್ನಾಗಿ ಗೊತ್ತು.)

ಹೆಸರಿನ ಗೋಜಲು ಬೇರೆ. ಕನ್ನಡದಲ್ಲಿ ಚೀತಾಕ್ಕೆ ಸಿವಂಗಿ ಅನ್ನೋ ಹೆಸರಿತ್ತು. ಪ್ರಾಣಿ ಹೋಯಿತು, ಹೆಸರೂ ಮರೆಯಾಯಿತು, ಚೀತಾ ಅಂದರೆ ಚಿರತೆ ಅಂದುಕೊಳ್ಳೋದು ಸಲೀಸಾಯಿತು. ಎಐಗೆ ನಾವು ಬರೆದ ಸಾಲಿನಲ್ಲೂ ‘ಚಿರತೆ’ ಅಂತಲೇ ಇತ್ತು, ಆಮೇಲೆ ನೋಡಿದೆವು.

ಹೊಸ ಫಲಕ ಈಗ ಹಾಸ್ಟೆಲ್ ರೂಮಿನಲ್ಲಿ ಒಣಗ್ತಾ ಇದೆ, ಈ ಸಲ ಕೈಯಲ್ಲೇ ಬರೆದದ್ದು. ಕಣ್ಣೀರಿನ ಗೆರೆ ಇದೆ, ಚುಕ್ಕೆ ಒತ್ತಾಗಿದೆ, ತಲೆ ಮಾತ್ರ ಸ್ವಲ್ಪ ದೊಡ್ಡದಾಯಿತು. ಬರುವ ಶನಿವಾರ ಕಡಕೊಳಕ್ಕೆ ತಗೊಂಡು ಹೋಗಿ ಮೊದಲು ಆ ಹುಡುಗನಿಗೇ ತೋರಿಸ್ತೀವಿ.