ಕಲ್ಲಿನಲ್ಲಿ ಬರೆದರೂ ಶಾಪ ಬೇಕಾಗಿತ್ತು

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಬ್ಲಾಕ್‌ಚೈನ್ ಬಗ್ಗೆ ಒಂದು ವಿಶೇಷ ಉಪನ್ಯಾಸವಿತ್ತು. ವಾಣಿಜ್ಯ ವಿಭಾಗದವರು ಏರ್ಪಡಿಸಿದ್ದು. ಕನ್ನಡ ಮೇಷ್ಟ್ರಾದ ನನಗೆ ಅಲ್ಲೇನೂ ಕೆಲಸವಿರಲಿಲ್ಲ. ಸಭಾಂಗಣ ತುಂಬಬೇಕಲ್ಲ, ಬಿ.ಎ. ಮಕ್ಕಳನ್ನೂ ಕಳಿಸಿ ಎಂದರು. ಮಕ್ಕಳ ಹಿಂದೆ ನಾನೂ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಬಂದಿದ್ದ ಅತಿಥಿ ಚೆನ್ನಾಗಿಯೇ ಮಾತಾಡಿದರು. ಎಲ್ಲರಿಗೂ ಅರ್ಥವಾಗಲೆಂದು ಕೊನೆಗೊಂದು ಹೋಲಿಕೆ ಕೊಟ್ಟರು: "ಇದು ನಮ್ಮ ಪೂರ್ವಜರ ಶಿಲಾಶಾಸನ ಇದ್ದ ಹಾಗೆ. ಒಮ್ಮೆ ಬರೆದರೆ ಮುಗೀತು. ಯಾರೂ ಅಳಿಸೋಕಾಗಲ್ಲ, ಯಾರೂ ತಿದ್ದೋಕಾಗಲ್ಲ. ಹಾಗಾಗಿ ಇಲ್ಲಿ ಯಾರನ್ನೂ ನಂಬಬೇಕಾಗಿಲ್ಲ." ಜೋರಾಗಿ ಚಪ್ಪಾಳೆ ಬಿತ್ತು.

ಇಪ್ಪತ್ತು ವರ್ಷದಿಂದ ಶಾಸನದ ಪಾಠ ಮಾಡಿಕೊಂಡು ಬಂದಿರುವ ನಾನು ಚಪ್ಪಾಳೆ ತಟ್ಟಲಿಲ್ಲ. ಹಣಕಾಸಿನ ವಿಷಯ ನನ್ನದಲ್ಲ ಎಂದು ಅಷ್ಟು ಹೊತ್ತೂ ಸುಮ್ಮನಿದ್ದೆ. ಆದರೆ ಶಾಸನದ ಮಾತೆತ್ತಿದ ಮೇಲೆ ನನಗೂ ಒಂದು ಮಾತು ಆಡುವ ಹಕ್ಕು ಬಂತು ಎಂದುಕೊಂಡಿದ್ದೇನೆ.

ನಮ್ಮ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮ ಗೊತ್ತು. ಮೊದಲು ಸ್ತುತಿ, ಆಮೇಲೆ ಅರಸನ ಬಿರುದುಗಳು, ಆಮೇಲೆ ದಾನ ಕೊಟ್ಟ ಭೂಮಿಯ ಎಲ್ಲೆಗಳು: ಮೂಡಲಲ್ಲಿ ಹುಣಸೆಮರ, ತೆಂಕಲಲ್ಲಿ ಹಳ್ಳ, ಪಡುವಲಲ್ಲಿ ನಟ್ಟ ಕಲ್ಲು. ಸಾಕ್ಷಿಗಳ ಹೆಸರು ಬರುವುದೂ ಉಂಟು. ಇಷ್ಟೆಲ್ಲ ಕಲ್ಲಿನಲ್ಲಿ ಕೊರೆದಾದ ಮೇಲೆ ಕೊನೆಯಲ್ಲಿ ಶಾಪಾಶಯ. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ, ಇತ್ಯಾದಿ. ಪ್ರತಿ ವರ್ಷ ತರಗತಿಯಲ್ಲಿ ನಾನು ಕೇಳುವ ಪ್ರಶ್ನೆ ಇದು: ಕಲ್ಲಿನಲ್ಲೇ ಬರೆದಿದ್ದಾರಲ್ಲ, ಆಮೇಲೆ ಶಾಪ ಯಾಕೆ ಬೇಕಾಯಿತು? ಹಿಂದಿನ ಬೆಂಚಿನ ಹುಡುಗನೂ ಉತ್ತರ ಹೇಳುತ್ತಾನೆ. ಕಲ್ಲು ಎದ್ದು ಬಂದು ಒತ್ತುವರಿದಾರನ ಕೈ ಹಿಡಿಯುವುದಿಲ್ಲ. ಬರಹ ಉಳಿಯುವುದು ಬೇರೆ, ಬರೆದದ್ದು ನಡೆಯುವುದು ಬೇರೆ. ನಡೆಸಿಕೊಡಲು ಊರವರು ಬೇಕು, ಅರಸ ಬೇಕು. ಮುಂದೆ ಬರುವ ಅರಸನ ಮೇಲೆ ಭರವಸೆ ಇಲ್ಲದಾಗ ದೇವರ ಭಯವಾದರೂ ಬೇಕು.

ಇನ್ನೊಂದು ಮಾತನ್ನು ಅತಿಥಿಗಳು ಹೇಳಲಿಲ್ಲ. ಕಲ್ಲಿನಲ್ಲೋ ತಾಮ್ರದಲ್ಲೋ ಬರೆದದ್ದೆಲ್ಲ ನಿಜವೇನಲ್ಲ. ಕೂಟಶಾಸನ ಎಂಬ ಮಾತೇ ನಮ್ಮಲ್ಲಿದೆ. ಗಂಗರ ತಾಮ್ರಪಟಗಳಲ್ಲಿ ಯಾವುದು ಅಸಲಿ, ಯಾವುದು ಖೋಟಾ ಎಂದು ಫ್ಲೀಟ್ ಮತ್ತು ಬಿ.ಎಲ್. ರೈಸ್ ವರ್ಷಗಟ್ಟಲೆ ಕಿತ್ತಾಡಿದರು. ಸುಳ್ಳನ್ನು ತಾಮ್ರದಲ್ಲಿ ಕೊರೆದರೆ ಅದು ನಿಜವಾಗುವುದಿಲ್ಲ, ಬಾಳಿಕೆ ಬರುವ ಸುಳ್ಳಾಗುತ್ತದೆ. ಪಹಣಿಯನ್ನು ಬ್ಲಾಕ್‌ಚೈನಿಗೆ ಹಾಕಿದರೆ ಭೂವ್ಯಾಜ್ಯಗಳೇ ಇರುವುದಿಲ್ಲ ಎಂದು ಅತಿಥಿಗಳು ಹೇಳಿದಾಗ ನನಗೆ ನೆನಪಾದದ್ದು ಇದೇ. 'ಭೂಮಿ' ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಪಹಣಿ ಸುಲಭವಾಗಿ ಸಿಗುತ್ತದೆ ಎಂಬುದು ನಿಜ, ಅದು ದೊಡ್ಡ ಉಪಕಾರವೇ. ಅಣ್ಣತಮ್ಮಂದಿರ ಜಗಳ ಮಾತ್ರ ತಾಲ್ಲೂಕು ಕೋರ್ಟಿನಲ್ಲೇ ಇದೆ.

ಬ್ಲಾಕ್‌ಚೈನ್ ಎಂದರೆ ಒಂದು ಲೆಕ್ಕದ ಪುಸ್ತಕ. ಒಬ್ಬ ಶಾನುಭೋಗನ ಕೈಯಲ್ಲಿರುವ ಬದಲು ಸಾವಿರಾರು ಕಂಪ್ಯೂಟರುಗಳಲ್ಲಿ ಅದರದೇ ಪ್ರತಿ ಇರುತ್ತದೆ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಬೆರಳಚ್ಚು ಇರುವುದರಿಂದ ನಡುವಿನ ಒಂದು ಪುಟ ತಿದ್ದಿದರೆ ಮುಂದಿನ ಯಾವ ಪುಟವೂ ತಾಳೆಯಾಗುವುದಿಲ್ಲ. ಜಾಣತನದ ಯುಕ್ತಿ, ಒಪ್ಪುತ್ತೇನೆ. ಆದರೆ "ಯಾರೂ ತಿದ್ದಲಾರರು" ಎಂಬುದು ಪೂರ್ತಿ ನಿಜವೇ? 2016ರ ಜೂನ್‌ನಲ್ಲಿ ಇಥೀರಿಯಂ ಜಾಲದ ಮೇಲೆ ಕಟ್ಟಿದ್ದ 'ದಿ ಡಿಎಒ' ಎಂಬ ಹೂಡಿಕೆ ನಿಧಿಯಿಂದ ಯಾರೋ ಸುಮಾರು 36 ಲಕ್ಷ ಈಥರ್ ಎತ್ತಿಕೊಂಡರು. ಬೀಗ ಒಡೆದಿರಲಿಲ್ಲ, ನಿಧಿಯ ಪ್ರೋಗ್ರಾಮಿನಲ್ಲಿದ್ದ ಒಂದು ಲೋಪವನ್ನು ಬಳಸಿಕೊಂಡಿದ್ದರು, ಅಷ್ಟೆ. ಪ್ರೋಗ್ರಾಮೇ ಕಾನೂನು ಎಂದು ಸಾರಿದವರು ಆಗ ಏನು ಮಾಡಿದರು? ಮುಂದಿನ ತಿಂಗಳೇ ಬಹುಪಾಲು ಜನ ಸೇರಿ, ಆ ಹಣ ಕಳ್ಳನಿಗೆ ಸಿಗದ ಹಾಗೆ ಲೆಕ್ಕವನ್ನು ಬದಲಿಸಿಕೊಂಡರು. ಒಪ್ಪದವರು ಹಳೆಯ ಪುಸ್ತಕವನ್ನೇ ಹಿಡಿದುಕೊಂಡು ಬೇರೆಯಾದರು. ಇಥೀರಿಯಂ ಕ್ಲಾಸಿಕ್ ಹುಟ್ಟಿದ್ದು ಹಾಗೆ. ತಿದ್ದಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಹಳೆಯ ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದ ಕಡತ, ಹುಣಸೆಬೀಜದ ಗಂಜಿ ಮತ್ತು ಇದ್ದಿಲು ಬಳಿದ ಬಟ್ಟೆ. ಬಳಪದಲ್ಲಿ ಬರೆದು, ಬೇಕಾದಾಗ ಒರೆಸಿ ತಿದ್ದಬಹುದಾಗಿತ್ತು. ಮನುಷ್ಯರು ತಪ್ಪು ಮಾಡುತ್ತಾರೆ, ತಿದ್ದಲು ಜಾಗ ಬೇಕು. ದೊಡ್ಡವರ ಹಣ ಹೋದಾಗ ಪುಸ್ತಕ ತಿದ್ದಿ, ಚಿಕ್ಕವರ ಹಣ ಹೋದಾಗ "ಇದು ಶಿಲಾಶಾಸನ ಕಣಪ್ಪ" ಅನ್ನುವುದಿದೆಯಲ್ಲ, ನನ್ನ ತಕರಾರು ಅದಕ್ಕೆ.

ಇದು ಹುಟ್ಟಿದ ಗಳಿಗೆಯನ್ನೂ ಸ್ವಲ್ಪ ನೋಡೋಣ. 2009ರ ಜನವರಿ 3ರಂದು ಬಿಟ್‌ಕಾಯಿನ್ನಿನ ಮೊದಲ ಪುಟ ಬರೆದ ಸತೋಷಿ ನಕಮೋಟೊ ಎಂಬ ಅನಾಮಿಕ, ಅದರೊಳಗೆ ಅವತ್ತಿನ ಲಂಡನ್ ಟೈಮ್ಸ್ ಪತ್ರಿಕೆಯ ತಲೆಬರಹವನ್ನು ಸೇರಿಸಿಟ್ಟ. ಬ್ರಿಟನ್ನಿನ ಹಣಕಾಸು ಮಂತ್ರಿ ಬ್ಯಾಂಕುಗಳಿಗೆ ಎರಡನೇ ಸಲ ಸರ್ಕಾರದ ದುಡ್ಡು ಸುರಿಯಲು ಹೊರಟಿದ್ದಾರೆ ಎಂಬ ಸುದ್ದಿ ಅದು. ಆ ಸಿಟ್ಟು ನ್ಯಾಯವಾದದ್ದು. ಬ್ಯಾಂಕಿನವರು ಜೂಜಾಡಿ ಸೋತರೆ ಜನ ಯಾಕೆ ತೆರಬೇಕು?

ಈಗ 2023ರ ಮಾರ್ಚ್‌ಗೆ ಬನ್ನಿ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿತು. ಒಂದು ನಾಣ್ಯಕ್ಕೆ ಒಂದು ಡಾಲರ್ ಸದಾ ನಮ್ಮಲ್ಲಿದೆ ಎಂದು ಹೇಳಿಕೊಂಡಿದ್ದ ಯುಎಸ್‌ಡಿಸಿ ಎಂಬ ಸ್ಟೇಬಲ್‌ಕಾಯಿನ್‌ನ 330 ಕೋಟಿ ಡಾಲರ್ ಆ ಬ್ಯಾಂಕಿನಲ್ಲಿ ಸಿಕ್ಕಿಬಿದ್ದಿತ್ತು. ಸುದ್ದಿ ಹೊರಬಿದ್ದದ್ದೇ ತಡ, ಅಲುಗಾಡದು ಎಂದಿದ್ದ ನಾಣ್ಯ 90 ಸೆಂಟ್‌ಗಿಂತ ಕೆಳಕ್ಕೆ ಜಾರಿತು. ಅದನ್ನು ಮೇಲೆತ್ತಿದ್ದು ಯಾವ ಗಣಿತವೂ ಅಲ್ಲ. ಭಾನುವಾರ ಅಮೆರಿಕ ಸರ್ಕಾರ ಆ ಬ್ಯಾಂಕಿನ ಎಲ್ಲ ಠೇವಣಿಗೂ ತಾನು ಹೊಣೆ ಎಂದಿತು, ಸೋಮವಾರ ನಾಣ್ಯ ಮತ್ತೆ ಒಂದು ಡಾಲರಿನ ಹತ್ತಿರ ಬಂತು. ಬ್ಯಾಂಕಿಗೆ ಸರ್ಕಾರ ಕೈಕೊಡುವುದನ್ನು ವಿರೋಧಿಸಿ ಹುಟ್ಟಿದ ಚಳವಳಿ ಹದಿನಾಲ್ಕು ವರ್ಷದ ನಂತರ, ಸರ್ಕಾರ ಬ್ಯಾಂಕಿಗೆ ಕೈಕೊಟ್ಟಿದ್ದರಿಂದ ಉಸಿರಾಡಿತು. 2025ರ ಜುಲೈನಲ್ಲಿ ಅಮೆರಿಕ ಜೀನಿಯಸ್ ಕಾಯ್ದೆ ತಂದು, ಇಂಥ ನಾಣ್ಯ ಹೊರಡಿಸುವವರು ಅಷ್ಟೇ ಮೊತ್ತದ ಡಾಲರನ್ನೋ ಅಲ್ಪಾವಧಿಯ ಸರ್ಕಾರಿ ಸಾಲಪತ್ರಗಳನ್ನೋ ಇಟ್ಟಿರಬೇಕು ಎಂದು ವಿಧಿಸಿತು. ಒಳ್ಳೆಯದೇ ಆಯಿತು. ಆದರೆ ನಾಣ್ಯದ ಬಲ ಸರ್ಕಾರಿ ಸಾಲಪತ್ರದಿಂದ ಬರುವುದಾದರೆ "ಯಾರನ್ನೂ ನಂಬಬೇಕಾಗಿಲ್ಲ" ಎಂಬ ಮಾತನ್ನಾದರೂ ಬಿಡಿ.

ಮಾರುಕಟ್ಟೆಯ ಏರಿಳಿತ ನೋಡಿದರೂ ಅದೇ ಕಥೆ. ಬಿಟ್‌ಕಾಯಿನ್ 2021ರ ನವೆಂಬರ್‌ನಲ್ಲಿ 68 ಸಾವಿರ ಡಾಲರ್ ದಾಟಿತ್ತು. ಮರುವರ್ಷ ಅದೇ ತಿಂಗಳು ಎಫ್‌ಟಿಎಕ್ಸ್ ವಿನಿಮಯ ಕೇಂದ್ರ ಕುಸಿದಾಗ 16 ಸಾವಿರದ ಆಸುಪಾಸಿಗೆ ಬಿತ್ತು. ಹಳೆಯ ಎತ್ತರವನ್ನು ಮತ್ತೆ ದಾಟಿದ್ದು ಯಾವಾಗ? 2024ರ ಜನವರಿಯಲ್ಲಿ ಅಮೆರಿಕದ ಷೇರು ನಿಯಂತ್ರಕರು ಬಿಟ್‌ಕಾಯಿನ್ ಇಟಿಎಫ್‌ಗಳಿಗೆ ಒಪ್ಪಿಗೆ ಕೊಟ್ಟ ಮೇಲೆ. ಟ್ರಂಪ್ ಗೆದ್ದ ಮೇಲೆ ಅದೇ ಡಿಸೆಂಬರಿನಲ್ಲಿ ಲಕ್ಷ ಡಾಲರ್ ದಾಟಿತು. 2025ರ ಅಕ್ಟೋಬರ್ ಮೊದಲ ವಾರ 1 ಲಕ್ಷ 25 ಸಾವಿರ ಮುಟ್ಟಿತು, ಅದೇ ವಾರದ ಕೊನೆಗೆ ಟ್ರಂಪ್ ಚೀನಾದ ಮೇಲೆ ಹೊಸ ಸುಂಕ ಹಾಕುತ್ತೇನೆಂದಾಗ ಉರುಳಿತು. ಸರ್ಕಾರವೇ ಬೇಡ ಎಂದವರು ದಿನಾ ಬೆಳಗಾದರೆ ಸರ್ಕಾರದ ಬಾಗಿಲು ನೋಡುತ್ತ ಕೂತಿದ್ದಾರೆ.

"ಕ್ರಿಪ್ಟೊ ಬೇಡ, ಬ್ಲಾಕ್‌ಚೈನ್ ಬೇಕು" ಎನ್ನುವ ಸಭ್ಯರ ಗುಂಪೊಂದಿದೆ. ನಮ್ಮ ಅತಿಥಿಗಳು ಆ ಗುಂಪಿನವರು. ಬ್ಯಾಂಕು, ಷೇರುಪೇಟೆ ಎಲ್ಲ ಇದರ ಮೇಲೆ ನಡೆದರೆ ವ್ಯವಹಾರ ಕ್ಷಣದಲ್ಲಿ ಇತ್ಯರ್ಥವಾಗುತ್ತದಂತೆ. ಆಸ್ಟ್ರೇಲಿಯಾದ ಷೇರುಪೇಟೆ ಹಾಗೇ ನಂಬಿ ವರ್ಷಗಟ್ಟಲೆ ಕೆಲಸ ಮಾಡಿತು. 2022ರ ನವೆಂಬರ್‌ನಲ್ಲಿ ಕೈಬಿಟ್ಟು, ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರನ್ನು ನಷ್ಟಕ್ಕೆ ಬರೆಯಿತು. ಹಡಗು ಸಾಗಣೆಗೆಂದು ಮರ್ಸ್ಕ್ ಮತ್ತು ಐಬಿಎಂ ಕಟ್ಟಿದ್ದ ಟ್ರೇಡ್‌ಲೆನ್ಸ್ ಮುಚ್ಚುವ ಸುದ್ದಿಯೂ ಬಂದದ್ದು ಅದೇ ತಿಂಗಳು. ಅತ್ತ ನಮ್ಮ ದೇಶದ ಷೇರುಪೇಟೆ ಯಾವ ಬ್ಲಾಕ್‌ಚೈನೂ ಇಲ್ಲದೆ 2023ರ ಜನವರಿಯಲ್ಲಿ ಪೂರ್ತಿಯಾಗಿ ಒಂದೇ ದಿನದ ಇತ್ಯರ್ಥಕ್ಕೆ ಬಂತು, ಅಮೆರಿಕಕ್ಕಿಂತ ಒಂದು ವರ್ಷಕ್ಕೂ ಹೆಚ್ಚು ಮೊದಲು. ಕಾಲೇಜಿನ ಎದುರು ಟೀ ಅಂಗಡಿಯವನು ಹತ್ತು ರೂಪಾಯಿಗೆ ತೋರಿಸುವ ಯುಪಿಐ ನಡೆಯುವುದು ಒಂದೇ ಸಂಸ್ಥೆಯ ಕಂಪ್ಯೂಟರುಗಳ ಮೂಲಕ; 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದು ನಡೆಸಿದ ವಹಿವಾಟು 2,000 ಕೋಟಿ. ಬ್ಲಾಕ್‌ಚೈನನ್ನೂ ಬಳಸಿಕೊಂಡು ರಿಸರ್ವ್ ಬ್ಯಾಂಕೇ ತಂದ ಡಿಜಿಟಲ್ ರೂಪಾಯಿ? 2022ರ ಡಿಸೆಂಬರ್‌ನಲ್ಲಿ ಜನಸಾಮಾನ್ಯರ ಪ್ರಯೋಗ ಶುರುವಾದ ನಾಲ್ಕು ಊರುಗಳಲ್ಲಿ ಬೆಂಗಳೂರೂ ಒಂದು. 2025ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದದ್ದು ಸುಮಾರು 1,016 ಕೋಟಿ ರೂಪಾಯಿ. ಕಾಗದದ ನೋಟು 36 ಲಕ್ಷ ಕೋಟಿಗೂ ಹೆಚ್ಚು. ನಿಮ್ಮಲ್ಲಿ ಎಷ್ಟು ಜನ ಅದನ್ನು ಬಳಸಿದ್ದೀರಿ?

ನಿಯಂತ್ರಣದ ಕೆಲಸಕ್ಕೆ ಬ್ಲಾಕ್‌ಚೈನ್ ಏನು ಮಾಡುತ್ತದೆಂದು ನೋಡಲು ಬ್ಯಾಂಕಿನವರೆಗೂ ಹೋಗಬೇಕಾಗಿಲ್ಲ, ಜೇಬಿನಲ್ಲಿರುವ ಮೊಬೈಲ್ ಸಾಕು. ಬೇಡದ ವಾಣಿಜ್ಯ ಸಂದೇಶ ತಡೆಯಲು ಟ್ರಾಯ್ 2018ರಲ್ಲೇ ನಿಯಮ ಮಾಡಿ, ಕಂಪನಿಗಳ ಎಸ್ಸೆಮ್ಮೆಸ್‌ಗಳ ನೋಂದಣಿಯನ್ನು ಇದೇ ತಂತ್ರಜ್ಞಾನದ ಮೇಲೆ ತಂದಿತು. ನನಗೆ ಈ ಪ್ಯಾರಾ ಬರೆಯುವಷ್ಟರಲ್ಲಿ ಸಾಲ ಬೇಕಾ ಎಂದು ಎರಡು ಫೋನ್ ಬಂದವು.

ನಿಯಂತ್ರಣದಲ್ಲಿರುವ ಬ್ಯಾಂಕುಗಳು ಸಾಚಾ ಎಂದು ನಾನು ವಾದಿಸುತ್ತಿಲ್ಲ. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ ನಿವೃತ್ತರು ನಿಂತಿದ್ದನ್ನು ಕಂಡ ಯಾರೂ ಹಾಗೆ ಹೇಳಲಾರರು. ಆದರೆ ಅಲ್ಲಿ ಬೈಯಲು ಒಂದು ರಿಸರ್ವ್ ಬ್ಯಾಂಕ್ ಇತ್ತು, ಮುತ್ತಿಗೆ ಹಾಕಲು ಕಚೇರಿಗಳಿದ್ದವು, ಮರುತಿಂಗಳಿಂದ 5 ಲಕ್ಷದವರೆಗೆ ಠೇವಣಿ ವಿಮೆ ಇತ್ತು. 2024ರ ಜುಲೈ 18ರಂದು ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳುವಾಯಿತು. ಗ್ರಾಹಕರ ಆಸ್ತಿಯ ಹತ್ತಿರಹತ್ತಿರ ಅರ್ಧದಷ್ಟು. ಕಳುವು ಆ ಚೈನಿನ ಮೇಲೆ ಸ್ಪಷ್ಟವಾಗಿ ದಾಖಲಾಗಿತ್ತು, ಜಗತ್ತಿನ ಯಾರು ಬೇಕಾದರೂ ನೋಡಬಹುದಾಗಿತ್ತು. ನೋಡಿ ಏನು ಮಾಡುವುದು? ಭಾರತದ ಗ್ರಾಹಕರು ಉಳಿದ ಕ್ರಿಪ್ಟೊಗಾಗಿ ವರ್ಷಕ್ಕೂ ಹೆಚ್ಚು ಕಾಲ ಸಿಂಗಪುರದ ಹೈಕೋರ್ಟಿನ ಕಡೆ ಮುಖ ಮಾಡಿ ಕಾಯಬೇಕಾಯಿತು.

ಈ ಹೊತ್ತಿನಲ್ಲೆಲ್ಲ ನಮ್ಮ ಸರ್ಕಾರ ಏನು ಮಾಡುತ್ತಿತ್ತು ಎಂಬುದೇ ನನ್ನ ಮುಖ್ಯ ಪ್ರಶ್ನೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಕ್ರಿಪ್ಟೊ ವ್ಯವಹಾರದವರಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2021ರಲ್ಲಿ ಒಂದು ಮಸೂದೆ ಸಂಸತ್ತಿನ ಪಟ್ಟಿಗೆ ಬಂತು, ಮಂಡನೆಯಾಗಲಿಲ್ಲ. 2022ರ ಬಜೆಟ್‌ನಲ್ಲಿ ಲಾಭದ ಮೇಲೆ 30 ಪರ್ಸೆಂಟ್ ತೆರಿಗೆ, ಪ್ರತಿ ಮಾರಾಟದ ಮೇಲೆ 1 ಪರ್ಸೆಂಟ್ ಟಿಡಿಎಸ್ ಬಂತು. ಅದೇ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರು ಇದಕ್ಕೆ ಟುಲಿಪ್ ಹೂವಿನಷ್ಟು ಆಧಾರವೂ ಇಲ್ಲ ಎಂಬರ್ಥದ ಮಾತಾಡಿದರು. 2023ರಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯೂ ಅನ್ವಯವಾಯಿತು. ಹಣ ಕಳೆದುಕೊಂಡವನಿಗೆ ಏನು ಎಂಬ ಕಾನೂನು ಮಾತ್ರ ಇಲ್ಲ. ಇಸ್ಪೀಟು ಆಡುವುದು ತಪ್ಪು ಎನ್ನುತ್ತಲೇ ಗೆದ್ದವನ ಕೈಯಿಂದ ಪಾಲು ಎತ್ತಿಕೊಳ್ಳುವ ಜಗಲಿ ಯಜಮಾನನಿಗೂ ಇದಕ್ಕೂ ಏನು ವ್ಯತ್ಯಾಸ?

ಉಪನ್ಯಾಸ ಮುಗಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ್ದ. ಈಗ ಎಂ.ಎ. ಮಾಡುತ್ತಿದ್ದಾನೆ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು, ಅಕ್ಕನಿಂದ ಇಸಕೊಂಡ ಸಾಲ, ಎರಡನ್ನೂ ಇದಕ್ಕೆ ಹಾಕಿದ್ದ. ಒಂದು ನಾಣ್ಯದಲ್ಲಿ 40 ಸಾವಿರ ಬಂತು, ಇನ್ನೊಂದರಲ್ಲಿ 55 ಸಾವಿರ ಹೋಯಿತು. ನಿವ್ವಳ ನಷ್ಟ 15 ಸಾವಿರ. ಆದರೆ 2022ರ ಕಾನೂನಿನ ಪ್ರಕಾರ ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಹಾಗಾಗಿ 40 ಸಾವಿರಕ್ಕೆ 12 ಸಾವಿರ ತೆರಿಗೆ, ಸೆಸ್ ಬೇರೆ. "ಸರ್, ಅಕ್ಕಂಗೆ ಏನ್ ಹೇಳ್ಲಿ?" ಎಂದ. ದುರಾಸೆ ಪಟ್ಟೆ ಎಂದು ಅವನನ್ನು ಬೈಯುವುದು ಸುಲಭ, ಸ್ವಲ್ಪ ಬೈದೂ ಬೈದೆ. ಆದರೆ "ಯಾರನ್ನೂ ನಂಬಬೇಕಾಗಿಲ್ಲ" ಎಂಬ ಮಾತನ್ನು ಅವನು ನಂಬಿದ್ದು ಇಂಥದೇ ಒಂದು ಸಭಾಂಗಣದಲ್ಲಿ, ನಾವು ಮೇಷ್ಟ್ರುಗಳು ಮುಂದೆ ನಿಂತು ಹಾರ ಹಾಕಿ ಕೂರಿಸಿದ ಅತಿಥಿಯ ಬಾಯಿಂದ.

ಮುಂದಿನ ತಿಂಗಳು ಇದೇ ವಿಷಯದ ಕಾರ್ಯಾಗಾರ ಇದೆಯಂತೆ, ಪ್ರಮಾಣಪತ್ರವನ್ನೂ ಕೊಡುತ್ತಾರಂತೆ. ಪ್ರಾಂಶುಪಾಲರಿಗೆ ಒಂದು ಪತ್ರ ಬರೆದಿದ್ದೇನೆ. ಕಾರ್ಯಾಗಾರ ನಡೆಯಲಿ, ತಂತ್ರಜ್ಞಾನ ಕಲಿಯುವುದು ಬೇಡ ಎಂದು ಯಾರೂ ಹೇಳುತ್ತಿಲ್ಲ. ಆದರೆ ಅದೇ ವೇದಿಕೆಯಲ್ಲಿ ಒಬ್ಬ ತೆರಿಗೆ ಲೆಕ್ಕಿಗರೂ, ಗ್ರಾಹಕರ ಪರ ವಾದಿಸುವ ಒಬ್ಬ ವಕೀಲರೂ ಇರಬೇಕು. ಹಣ ಹೋದರೆ ಯಾವ ಊರಿನ ಯಾವ ಕಚೇರಿಗೆ ಅರ್ಜಿ ಹಾಕಬೇಕೆಂದು ಮಕ್ಕಳಿಗೆ ಅವರು ಮೊದಲು ಹೇಳಬೇಕು. ಇಷ್ಟೇ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.