ಸೂಜಿಯ ವಿದ್ಯೆಯೂ ನಮ್ಮ ಜಿಪುಣತನವೂ

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿ ಮುಗಿದ ಮೇಲೆ, ಕಾಫಿಯ ಹೊತ್ತಿನಲ್ಲಿ, ಮಿತ್ರರೊಬ್ಬರು ಒಂದು ಮಾತನ್ನಾಡಿದರು. ಅವರ ತಮ್ಮನ ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದರೂ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಉಡುಪು ಹೊಲಿಯುವ ಶಿಕ್ಷಣಕ್ಕೇ ಸೇರುವೆನೆಂದು ಹಟ ಹಿಡಿದಿರುವಳಂತೆ. “ಓದು ತಲೆಗೆ ಹತ್ತದವರು ಹಿಡಿಯತಕ್ಕ ಕೆಲಸವದು, ಕೈಕೆಲಸವೇ ಹೊರತು ವಿದ್ಯೆಯಲ್ಲ” ಎಂದು ಅವರು ವಿಷಾದದಿಂದ ನುಡಿಯಲು, ಸುತ್ತಲಿದ್ದ ಸಾಹಿತ್ಯಾಭಿಮಾನಿಗಳೆಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆನು. ಮನೆಗೆ ಬಂದ ಮೇಲೆ ಹಾಗೆ ತಲೆದೂಗಿದುದು ಮುಳ್ಳಿನಂತೆ ಚುಚ್ಚತೊಡಗಿತು. ಆ ಮಾತು ಅಜ್ಞಾನದಿಂದ ಹುಟ್ಟಿದ್ದೆಂದೂ, ಅದರಿಂದ ನಮ್ಮ ನೆರೆಯವರ ಹೊಟ್ಟೆಗೆ ಪೆಟ್ಟು ಬೀಳುತ್ತಿರುವುದೆಂದೂ ಈಗ ಬಹಿರಂಗವಾಗಿ ಹೇಳುವೆನು.

ವಿದ್ಯೆಯಲ್ಲವೆಂಬುದಕ್ಕೆ ಪ್ರಮಾಣವೇನು? ಋಗ್ವೇದದ ಋಷಿಯು ರಾಕಾದೇವಿಯನ್ನು ಮುರಿಯದ ಸೂಜಿಯಿಂದ ತನ್ನ ಕರ್ಮವನ್ನು ಹೊಲಿದುಕೊಡೆಂದು ಬೇಡುವನು. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ಸೂಚೀಕರ್ಮವೂ ಒಂದು. ತುನ್ನವಾಯ, ಸೌಚಿಕ ಎಂಬ ಪದಗಳನ್ನು ಅಮರಕೋಶ ಬಲ್ಲವರಿಗೆ ನಾನು ನೆನಪಿಸಬೇಕಾದುದಿಲ್ಲ. ಸುಶ್ರುತನು ಅಷ್ಟವಿಧ ಶಸ್ತ್ರಕರ್ಮಗಳಲ್ಲಿ ಸೀವ್ಯವನ್ನು, ಎಂದರೆ ಹೊಲಿಯುವುದನ್ನು, ಸೇರಿಸಿ, ವೈದ್ಯನಾಗತಕ್ಕ ಶಿಷ್ಯನು ಮೊದಲು ತೆಳುವಾದ ಬಟ್ಟೆಯ ಅಂಚಿನಲ್ಲಿಯೂ ದಪ್ಪ ಬಟ್ಟೆಯ ಅಂಚಿನಲ್ಲಿಯೂ ಕೈಯನ್ನು ಪಳಗಿಸಿಕೊಳ್ಳಬೇಕೆಂದು ವಿಧಿಸಿರುವನು. ವೈದ್ಯನ ಕೈಯಲ್ಲಿ ವಿದ್ಯೆಯಾದುದು ನೆರೆಮನೆಯ ಹೆಂಗಸಿನ ಕೈಗೆ ಬಂದೊಡನೆ ಅವಿದ್ಯೆಯಾಗುವುದೇ?

ಪೂರ್ವಪಕ್ಷಕ್ಕೂ ಪ್ರಮಾಣವುಂಟು, ಅದನ್ನು ಮುಚ್ಚಿಡಲಾರೆನು. ಮನುಸ್ಮೃತಿಯ 4ನೆಯ ಅಧ್ಯಾಯದಲ್ಲಿ, ಯಾರ ಅನ್ನವನ್ನು ಉಣ್ಣಬಾರದೋ ಅಂಥವರ ಸಾಲಿನಲ್ಲಿ, ನಟನ ಮಗ್ಗುಲಲ್ಲೇ ತುನ್ನವಾಯನನ್ನು ಕುಳ್ಳಿರಿಸಿದೆ. ಆದರೆ ಅದೇ ಶ್ಲೋಕದಲ್ಲಿ ಕೃತಘ್ನನೂ ಇರುವನು. ಹೊಲಿದ ಅಂಗಿಯನ್ನು ತೊಟ್ಟುಕೊಂಡು ಹೊಲಿದವರನ್ನು ಹೀಗಳೆಯತಕ್ಕವರು ತಮಗೆ ಸಲ್ಲುವ ಹೆಸರನ್ನು ಅಲ್ಲಿಂದಲೇ ಆರಿಸಿಕೊಳ್ಳಬಹುದು. ನಮ್ಮ ನಾಡಂತೂ ಹನ್ನೆರಡನೆಯ ಶತಮಾನದಲ್ಲಿಯೇ ಬೇರೆ ಉತ್ತರವನ್ನು ಕೊಟ್ಟಿದೆ. ಶರಣರ ನಡುವೆ ಸೂಜಿಕಾಯಕದ ರಾಮಿತಂದೆಯು ತನ್ನ ಕಸುಬನ್ನೇ ಹೆಸರಿನ ಮುಂದೆ ಧರಿಸಿ ನಿಂತನು. ನೆರೆಯ ಮಹಾರಾಷ್ಟ್ರದಲ್ಲಿ ನಾಮದೇವನು ಸಿಂಪಿಗರ ಮನೆಯಲ್ಲಿ ಹುಟ್ಟಿದವನು.

ಗ್ರಂಥಗಳ ಮಾತು ಸಾಕು. ಕಣ್ಣಾರೆ ಕಂಡುದನ್ನು ಹೇಳುವೆನು.

ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ರೇಖಾಗಣಿತದ ಪ್ರಮೇಯಗಳನ್ನು ಒಪ್ಪಿಸಲಾರದೆ ನಿಂತ ಅವಳನ್ನು ನಾನು ಎಲ್ಲರೆದುರಿಗೆ “ನೀನು ಸೂಜಿ ದಾರಕ್ಕೇ ಲಾಯಕ್ಕು” ಎಂದು ಬೈದಿದ್ದೆನು. ಶಾಪವೆಂದು ನುಡಿದದ್ದು ಅವಳ ಜೀವನೋಪಾಯವಾಯಿತು. ನಮ್ಮ ಹಿಂದಿನ ಬೀದಿಯಲ್ಲಿ, ಹನ್ನೆರಡು ಅಡಿಯ ಕೊಠಡಿಯಲ್ಲಿ, ಒಂದು ಯಂತ್ರವನ್ನಿಟ್ಟುಕೊಂಡು ಅವಳು ಈಗ ಎರಡು ಮಕ್ಕಳನ್ನು ಓದಿಸುತ್ತಿರುವಳು. ಸೊಸೆಯ ರವಿಕೆಗಳನ್ನು ತರಲು ಹೋಗಿದ್ದ ದಿನ, ಅವಳು ಹಳೆಯ ವೃತ್ತಪತ್ರಿಕೆಯ ಮೇಲೆ ಗೆರೆಯೆಳೆಯುತ್ತಿದ್ದುದನ್ನು ನೋಡುತ್ತ ಕುಳಿತೆನು. ಎದೆಯ ಸುತ್ತು 36 ಅಂಗುಲವಾದರೆ ಕಾಲುಭಾಗ 9. ಅದಕ್ಕೆ ಸ್ವಲ್ಪ ಕೂಡಿಸಿದಳು. ಏಕೆಂದು ಕೇಳಿದೆನು. “ಉಸಿರಾಡೋಕೆ ಜಾಗ ಬೇಡವೇ, ಮೇಷ್ಟ್ರೇ?” ಎಂದಳು. ಕಂಕುಳಿನ ಬಳಸು, ಬೆನ್ನಿನ ಆಳ, ಡಾರ್ಟ್ ಎಂದು ಕರೆಯುವ ಮಡಿಕೆಯ ತುದಿ ಎಲ್ಲಿ ನಿಲ್ಲಬೇಕೆಂಬ ಲೆಕ್ಕ, ಇವೆಲ್ಲವೂ ಅವಳ ಬೆರಳ ತುದಿಯಲ್ಲಿದ್ದವು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಮೈಯೊಡನೆ ಹಿಗ್ಗುವುದು, ಎಳೆಯ ನೇರಕ್ಕೆ ಕತ್ತರಿಸಿದರೆ ಹಿಗ್ಗದು. ಒಳಪದರದ ಹತ್ತಿಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸದಿದ್ದರೆ ಮೊದಲನೆಯ ಒಗೆತಕ್ಕೇ ಕುಗ್ಗಿ ಮೇಲಿನ ರೇಷ್ಮೆಯನ್ನು ಸುಕ್ಕುಗಟ್ಟಿಸುವುದು. ಚಪ್ಪಟೆಯಾದ ಕಣದಿಂದ ಉಬ್ಬುತಗ್ಗುಳ್ಳ ದೇಹಕ್ಕೆ ಒಪ್ಪುವ ಆಕಾರವನ್ನು ತೆಗೆಯುವ ಈ ಗಣಿತವನ್ನು ನಾನು ಮೂವತ್ತಾರು ವರ್ಷ ಪಾಠ ಹೇಳಿಯೂ ಅರಿತಿರಲಿಲ್ಲ. ಕರಿಹಲಗೆಯ ಮೇಲೆ ತಪ್ಪಿದರೆ ನಾನು ಒರೆಸುತ್ತಿದ್ದೆನು. ಸೀರೆಯೊಡನೆ ಬಂದ ಕಣಕ್ಕೆ ಕತ್ತರಿ ಬಿದ್ದ ಮೇಲೆ ಒರೆಸುವುದೇನಿದೆ?

ಇಂಥ ವಿದ್ಯೆಗೆ ನಾವು ಕೊಡುವ ಬೆಲೆಯನ್ನು ನೋಡಿರಿ. ನಾನು ಅಲ್ಲಿ ಕುಳಿತಿದ್ದಾಗಲೇ ಒಬ್ಬ ಗೃಹಿಣಿ ಬಂದರು, ವಿದ್ಯಾವಂತ ಮನೆತನದವರು. 12,000 ರೂಪಾಯಿಯ ರೇಷ್ಮೆ ಸೀರೆಯನ್ನು ಅಂಗಡಿಯ ಚೀಟಿಯಲ್ಲಿದ್ದ ಬೆಲೆಗೇ ತಂದಿದ್ದರು. ಒಳಪದರವುಳ್ಳ ರವಿಕೆಗೆ 400 ಎಂದೊಡನೆ, “ಅಯ್ಯೋ, ಒಂದು ರವಿಕೆಗೆ ಇಷ್ಟೇನಮ್ಮಾ? ಮುನ್ನೂರು ಮಾಡ್ಕೋ” ಎಂದು ಚೌಕಾಶಿಗಾರಂಭಿಸಿದರು. “ಒಳಬಟ್ಟೆ, ದಾರ, ಹುಕ್ಕು ಎಲ್ಲಾ ನಂದೇ ಅಕ್ಕಾ” ಎಂದು ಇವಳು ಹೇಳಿದ್ದು ಅವರ ಕಿವಿಗೆ ಬಿದ್ದಂತೆ ತೋರಲಿಲ್ಲ. ಕೊನೆಗೆ 350ಕ್ಕೆ ಒಪ್ಪಿಸಿ, “ಮುಂದಿನ ಸಲ ಒಟ್ಟಿಗೆ ಕೊಡ್ತೀನಿ” ಎಂದು ಹೊರಟುಹೋದರು. ಗುಳೇದಗುಡ್ಡದ ಖಣದ ಅಂದವನ್ನು ಹೊಗಳಿ ಭಾಷಣ ಮಾಡುವ ನಾವು, ಆ ಖಣವನ್ನು ಕುಪ್ಪಸವಾಗಿಸುವ ಕೈಗೆ ಸಾಲ ಹೇಳಿ ಬರುತ್ತೇವೆ.

ನನ್ನ ಮಿತ್ರರು ಮೂರು ಆಕ್ಷೇಪಗಳನ್ನೆತ್ತುವರೆಂದು ಬಲ್ಲೆನು. ಹೇಗೂ ಮನೆಯಲ್ಲಿರುವ ಹೆಂಗಸು, ಬಿಡುವಿನಲ್ಲಿ ಹೊಲಿಯುತ್ತಾಳೆ ಎಂಬುದು ಮೊದಲನೆಯದು. ಮನೆಯಲ್ಲಿ ಪಾಠ ಹೇಳುವ ಉಪಾಧ್ಯಾಯರಿಗೆ ಈ ನ್ಯಾಯವನ್ನು ಯಾರೂ ಅನ್ವಯಿಸಿದುದನ್ನು ನಾನು ಕಾಣೆನು. ಹೇಳಿದ ದಿನಕ್ಕೆ ಕೊಡುವುದಿಲ್ಲವೆಂಬುದು ಎರಡನೆಯದು. ಇದು ನಿಜ, ಅವಳ ತಪ್ಪೂ ಹೌದು. ದೀಪಾವಳಿಗೆ ಮುನ್ನ ಕೈಮೀರಿ ಒಪ್ಪಿಕೊಳ್ಳುವಳು. ಆದರೆ ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮದುವೆಗಳಿಲ್ಲದೆ ಯಂತ್ರಕ್ಕೆ ಬಟ್ಟೆ ಹೊದಿಸಿ ಕುಳಿತುಕೊಳ್ಳಬೇಕಾದವಳು ಬಂದುದನ್ನು ಬೇಡವೆನ್ನುವುದೆಂತು? ಕೊಟ್ಟ ಮಾತಿನ ದಿನಕ್ಕೆ ಹಣ ತೆರದ ನಾವು ಅವಳ ದಿನವನ್ನು ಎಣಿಸುವುದೂ ವಿನೋದವೇ ಸರಿ.

ಸಿದ್ಧ ಉಡುಪು ಇದಕ್ಕಿಂತ ಅಗ್ಗವೆಂಬುದು ಮೂರನೆಯದು. ಅದು ಮರದಲ್ಲಿ ಬೆಳೆಯುವುದಿಲ್ಲವಷ್ಟೆ. 2016ರ ಏಪ್ರಿಲ್ ತಿಂಗಳಲ್ಲಿ, ಭವಿಷ್ಯನಿಧಿಯ ಹಣವನ್ನು ಪಡೆಯುವ ನಿಯಮವನ್ನು ಬಿಗಿಗೊಳಿಸಿದಾಗ, ಬೆಂಗಳೂರಿನ ಉಡುಪು ಕಾರ್ಖಾನೆಗಳ ಸಹಸ್ರಾರು ಹೆಂಗಸರು ರಸ್ತೆಗಿಳಿದರು. ಸರ್ಕಾರವು ಆ ನಿಯಮವನ್ನು ಹಿಂದೆಗೆದುಕೊಳ್ಳಬೇಕಾಯಿತು. ಅಗ್ಗದ ಅಂಗಿಯನ್ನು ಹೊಲಿದವರು ಯಾರೆಂಬುದು ಅಂದು ನಾಡಿಗೆ ಗೋಚರವಾಯಿತು. ಅವರಿಗಾದರೂ ಕೂಡಿ ನಿಲ್ಲುವ ಬಲವುಂಟು. ಬೀದಿಗೊಬ್ಬಳಾಗಿ ಕುಳಿತ ಹೊಲಿಗೆಯವಳು ಯಾರೊಡನೆ ಕೂಡಿ ನಿಲ್ಲಬೇಕು? 2023ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ. ಸಲಕರಣೆಗೆಂದು 15,000 ರೂಪಾಯಿಯವರೆಗೆ ನೆರವುಂಟು. ಒಳ್ಳೆಯದೇ. ಸರ್ಕಾರವು ಯಂತ್ರವನ್ನು ಕೊಡಿಸಬಹುದು. ನಮ್ಮ ಜಗಲಿಯಲ್ಲಿ ನಡೆಯುವ ಚೌಕಾಶಿಗೆ ಅದು ಯಾವ ಆಜ್ಞೆಯನ್ನು ಹೊರಡಿಸೀತು?

ನನ್ನ ಮಿತ್ರರು ಇದಕ್ಕೆ ಇದೇ ಪತ್ರಿಕೆಯಲ್ಲಿ ಪ್ರತ್ಯುತ್ತರವನ್ನು ಬರೆಯಲಿ. ಸಂಪಾದಕರು ಸ್ಥಳ ಕೊಡುವರೆಂದು ನಂಬಿರುವೆನು. ಆದರೆ ಲೇಖನಿಯನ್ನೆತ್ತುವ ಮುನ್ನ, ತಮ್ಮ ಮನೆಯಿಂದ ಹೊಲಿಗೆಯವರಿಗೆ ಸಲ್ಲತಕ್ಕ ಬಾಕಿ ಎಷ್ಟಿದೆಯೆಂದು ಒಳಗೆ ಒಮ್ಮೆ ವಿಚಾರಿಸಿಕೊಳ್ಳಲಿ. ನಮ್ಮ ಮನೆಯ ಬಾಕಿ 800 ರೂಪಾಯಿ ಇದ್ದಿತು. ಈ ಲೇಖನವನ್ನು ಅಂಚೆಗೆ ಹಾಕಲು ಹೊರಟವನು ಮೊದಲು ಹಿಂದಿನ ಬೀದಿಗೆ ಹೋಗಿ ಅದನ್ನು ಸಲ್ಲಿಸಿ ಬಂದಿರುವೆನು.