ಮನೆಯ ವಿಜ್ಞಾನ: ಅಂಗೈಯಗಲದ ಗಣಕಯಂತ್ರದಲ್ಲಿ ಶ್ರುತಿ

ನಿಪ್ಪಾಣಿಯ ವಾಚಕರೊಬ್ಬರು ಕೇಳಿರುವರು: ಮಗಳು ಗಾಯನ ಕಲಿಯುತ್ತಿರುವಳು, ಮನೆಯಲ್ಲಿ ಹಾರ್ಮೋನಿಯಮ್ ಉಂಟು, ತಂಬೂರಿ ಇಲ್ಲ, ಮಗನು ತಂದಿಟ್ಟಿರುವ ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಗಣಕಯಂತ್ರದಿಂದ ಶ್ರುತಿಯನ್ನು ಹೊರಡಿಸಲು ಬರುವದೋ?

ಬರುವದು. ಆದರೆ ಮಿರಜವು ಅವರಿಗೆ ದೂರದ ಊರಲ್ಲ. ಅಲ್ಲಿಯ ಕುಶಲಿಗಳು ತಂತಿಯ ಕೆಳಗೆ ನೂಲಿನೆಳೆಯನ್ನು ಸರಿಸಿ ಹೊರಡಿಸುವ ಜವಾರಿಯು ಈ ಯಂತ್ರಕ್ಕೆ ಒಲಿಯದು. ತಂಬೂರಿಯು ಮನೆಗೆ ಬರುವ ವರೆಗೆ ಹುಡುಗಿಯ ಕಿವಿ ಕೆಡದಂತೆ ಕಾಯುವದಷ್ಟೇ ಇದರ ಕೆಲಸ.

ಕಿವಿ ಕೆಡುವದು ಹೇಗೆಂದರೆ: ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದು ಹಿಡಿಯೋಣ. ಅದಕ್ಕೆ ಹೊಂದುವ ಶುದ್ಧ ಗಾಂಧಾರವು 300, ಪಂಚಮವು 360. ಹಾರ್ಮೋನಿಯಮ್ಮಿನಲ್ಲಿಯಾದರೋ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುವದರಿಂದ ಪಂಚಮವು ಕೂದಲೆಳೆಯಷ್ಟೇ ತಗ್ಗಿದರೂ ಗಾಂಧಾರವು 302.4ಕ್ಕೆ ಏರುವದು. ಈ ಎರಡು ಗಾಂಧಾರಗಳನ್ನು ಒಮ್ಮೆಲೆ ನುಡಿಸಿದರೆ ಧ್ವನಿಯು ಸೆಕೆಂಡಿಗೆ ಎರಡು-ಮೂರು ಸಾರಿ ಏರಿಳಿಯುವದು ಸ್ಪಷ್ಟವಾಗಿ ಕೇಳಿಸುತ್ತದೆ. ಆಕಾಶವಾಣಿಯು 1940ರಿಂದ 1971ರ ವರೆಗೆ ಹಾರ್ಮೋನಿಯಮ್ಮನ್ನು ದೂರವಿಟ್ಟದ್ದಕ್ಕೆ ಇಂಥ ಸ್ವರದೋಷವೂ ಒಂದು ಕಾರಣ.

ನಮಗೆ ಬೇಕಾದ ಕಂಪನಸಂಖ್ಯೆಯನ್ನೇ ಬರೆದು ನುಡಿಸುವ ಸಾಧನವು ಪ್ಯೂರ್ ಡೇಟಾ. ಅಮೇರಿಕದ ಮಿಲ್ಲರ್ ಪಕೆಟ್ಟರು 1996ರಲ್ಲಿ ಇದನ್ನು ಹೊರತಂದರು, ಬೆಲೆ ಇಲ್ಲ. ಪೈ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿ, ಟರ್ಮಿನಲ್ ತೆರೆದು, ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’ ಎಂದೂ ಬಳಿಕ ‘ಸುಡೊ ಆಪ್ಟ್ ಇನ್‌ಸ್ಟಾಲ್ ಪ್ಯೂರ್‌ಡೇಟಾ’ ಎಂದೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯತಕ್ಕದ್ದು. ಕೊನೆಯ ಹೆಸರು ಒಂದೇ ಪದ. ನಡುವೆ ತೆರಪು ಬಿಟ್ಟರೆ ಯಂತ್ರವು ತಿಳಿಯದೆಂದು ಕೈ ಚೆಲ್ಲುವದು.

ಇನ್ನು ಬರವಣಿಗೆಗಿಂತ ಚಿತ್ರವೇ ಹೆಚ್ಚು. ಖಾಲಿ ಹಾಳೆಯ ಮೇಲೆ ‘ಆಸ್ಕ್~ 240’ ಎಂಬ ಪೆಟ್ಟಿಗೆ, ಅದರ ಕೆಳಗೆ ಧ್ವನಿಯನ್ನು ತಗ್ಗಿಸುವ ‘*~ 0.1’, ಅದರ ಕೆಳಗೆ ಧ್ವನಿಯನ್ನು ಹೊರಗೆ ಕಳಿಸುವ ‘ಡ್ಯಾಕ್~’. ಇವನ್ನೂ ಇಂಗ್ಲಿಷಿನಲ್ಲಿಯೇ ಬರೆದು, ಒಂದರಿಂದೊಂದಕ್ಕೆ ಗೆರೆ ಎಳೆಯುವದು. ಡ್ಯಾಕಿನ ಎರಡೂ ಬಾಯಿಗಳಿಗೆ ಎಳೆದರೆ ಎಡಬಲಗಳೆರಡರಲ್ಲಿಯೂ ಕೇಳುವದು. ‘ಆಸ್ಕ್’ ಮುಂದಿನ ಅಲೆಯ ಗುರುತು ಬಿಟ್ಟುಹೋದರೆ ಪೆಟ್ಟಿಗೆಯ ಅಂಚು ತುಂಡುಗೆರೆಯಾಗಿಯೇ ಉಳಿಯುವದು. ಮುಖ್ಯ ಕಿಟಕಿಯಲ್ಲಿ ‘ಡಿಎಸ್‌ಪಿ’ ಎಂಬಲ್ಲಿ ಗುರುತು ಹಾಕಿದ ಕೂಡಲೆ ಷಡ್ಜವು ನುಡಿಯುವದು. ಇದರಂತೆ 360ಕ್ಕೂ 120ಕ್ಕೂ ಒಂದೊಂದು ಜೋಡಿ ಸೇರಿಸಿರಿ. ಬರಿಯ ಸ್ವರವು ಸಿಳ್ಳಿನಂತೆ ತೆಳ್ಳಗಿರುವದರಿಂದ 480, 720ಗಳನ್ನು ಇನ್ನೂ ಮೆಲ್ಲಗೆ ಬೆರೆಸಿದರೆ ತುಸು ಮೈ ಬರುವದು. 240 ಎಂಬುದನ್ನು ಲೆಕ್ಕದ ಸೌಕರ್ಯಕ್ಕಾಗಿ ಹಿಡಿದೆವು; ಹುಡುಗಿಯ ಪಟ್ಟಿಯನ್ನು ಗುರುಗಳೇ ನಿಶ್ಚಯಿಸಬೇಕು. ಉಳಿದ ಸಂಖ್ಯೆಗಳನ್ನು ಅದೇ ಪ್ರಮಾಣದಲ್ಲಿ ಬದಲಿಸಿದರಾಯಿತು.

ಧ್ವನಿಯ ರಂಧ್ರವು ಪೈ ಯಂತ್ರಗಳೆಲ್ಲಕ್ಕೂ ಇಲ್ಲ. ಐದನೆಯ ಮಾದರಿಗೂ ಝೀರೋ ಎಂಬುದಕ್ಕೂ ಇಲ್ಲ. ಇದ್ದಲ್ಲಿಯೂ ಅದರ ಧ್ವನಿ ಅಷ್ಟೊಂದು ನಿರ್ಮಲವಲ್ಲ. ಅಗ್ಗದ ಯುಎಸ್‌ಬಿ ಧ್ವನಿಕಾರ್ಡೊಂದನ್ನು ಸಿಕ್ಕಿಸಿ, ಪ್ಯೂರ್ ಡೇಟಾದ ಧ್ವನಿವ್ಯವಸ್ಥೆಯಲ್ಲಿ ಅದನ್ನೇ ಆರಿಸುವದು ಉತ್ತಮ. ಅಂಗೈಯಷ್ಟು ಸ್ಪೀಕರಿನಲ್ಲಿ 120ರ ಖರ್ಜವು ಕೇಳಿಸುವದೇ ಕಷ್ಟ. ಮನೆಯ ಹಳೆಯ ದೊಡ್ಡ ಸ್ಪೀಕರನ್ನು ಜೋಡಿಸಿರಿ.

ಅಭ್ಯಾಸವು ಮುಗಿದ ಮೇಲೆ ದೀಪ ಆರಿಸಿದಂತೆ ವಿದ್ಯುತ್ತನ್ನು ಥಟ್ಟನೆ ತೆಗೆಯಬಾರದು. ‘ಷಟ್‌ಡೌನ್’ ಕೊಟ್ಟು, ಹಸಿರು ದೀಪದ ಮಿನುಗು ನಿಂತ ಬಳಿಕವೇ ಪ್ಲಗ್ಗನ್ನು ಕೀಳಬೇಕು. ಇಲ್ಲವಾದರೆ ಒಂದು ದಿನ ಸ್ಮೃತಿಕಾರ್ಡು ಕೆಟ್ಟು, ಬರೆದಿಟ್ಟದ್ದೆಲ್ಲವೂ ಹೋದೀತು.